ಹೊಲಿದದ್ದು ಎಲ್ಲೈತಿ?

ಕಾಗಿನೆಲೆಯಲ್ಲಿ ಬೇಲಿ ಹಾಕುವುದು ಆಡು ನುಗ್ಗದಿರಲೆಂದು. ಮಾತಿಗೆ ಅದು ಅಡ್ಡಿಯಲ್ಲ. ಮೆಣಸಿನಕಾಯಿ ಬ್ಯಾಡಗಿ ಪೇಟೆ ಸೇರಿ, ಬಿಸಿಲು ಬಲಿಯಿತೆಂದರೆ ಆಚೆಮನೆ ಅಕ್ಕನ ಕಟ್ಟೆ ಮೇಲೆ ಕೌದಿ ಹರಡುತ್ತದೆ. ಸೂಜಿ ಓಡುವಷ್ಟು ಹೊತ್ತೂ ನಾಲಿಗೆಗೆ ಬಿಡುವಿಲ್ಲ.

ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ಫ್ರಾನ್ಸಿನ ಜಾರ್ಜ್ ಸೂರಾ 1882–83ರಲ್ಲಿ, 23ರ ಆಸುಪಾಸಿನಲ್ಲಿದ್ದಾಗ, ಕಸೂತಿ ಹಾಕುತ್ತಿದ್ದ ತಾಯಿಯನ್ನು ಬರೆದದ್ದು. ಎತ್ತರ ಒಂದಡಿ. ಈಗಿರುವುದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ.

“ಏನ್ ತಂಗೀ, ಬರೇ ಮಸಿ! ಹಡದಾಕಿ ಮಾರೀನ ಸರಿಯಾಗಿ ಬರದಿಲ್ಲಲ್ಲ?”

“ಗೆರೀನೂ ಎಳದಿಲ್ಲಕ್ಕ. ಕೊಂತೆ ಅಂತ, ಇದ್ದಲಿಗಿಂತ ಗಟ್ಟಿ ಕರೀ ಕಡ್ಡಿ. ಕಾಗದ ನಮ್ಮ ಕುರುಬರ ಕಂಬಳಿ ಹಂಗ ಒರಟು. ಉಬ್ಬಿದ್ದಲ್ಲಿ ಕರಿ ಹತ್ತತೈತಿ, ತಗ್ಗಿನಾಗ ಬಿಳುಪು ಉಳೀತೈತಿ.”

“ಹಂಗಾರ ಬೆಳಕು ಬರದದ್ದಲ್ಲ, ಬಿಟ್ಟದ್ದು.”

ಚಿತ್ರಶಾಲೆಯ ಮೇಷ್ಟ್ರಾದರೂ ಇಷ್ಟು ಚುಟುಕಾಗಿ ಹೇಳಲಾರರು. ಅಕ್ಕ ಮತ್ತೊಮ್ಮೆ ನೋಡಿದಳು. “ಸೂಜಿ ಕಾಣವಲ್ದು. ಆದ್ರ ಆ ಕುತ್ತಿಗಿ ಬಗ್ಗಿದ್ದು ನೋಡು, ಹೊಲಿಯಾಕೀದ ಹೌದು. ಸಂಜೀಗೆ ಭುಜಾ ಹಿಡೀತಾವ. ಅಲ್ಲ, ಮಗಾ ಬರದದ್ದು ಮ್ಯೂಸಿಯಮ್ಮಿನ್ಯಾಗ ಐತಿ. ತಾಯಿ ಹೊಲದದ್ದು ಎಲ್ಲೈತಿ?”

ಇಸವಿ, ಅಳತೆ, ಕಾಗದದ ಗುಣ ಎಲ್ಲ ಒಪ್ಪಿಸಿದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಕ್ಕನಿಗೆ ಉತ್ತರವೂ ಬೇಕಿರಲಿಲ್ಲ. ಕೌದಿಯ ಮೇಲೆ ಬೆರಳಾಡಿಸಿದಳು: “ಇದು ನಮ್ಮತ್ತಿ ಇಳಕಲ್ ಸೀರಿ. ಇದು ಮಾವನ ಧೋತರ. ಈ ಕೆಂಪಂದು ಮಗಳ ಲಂಗ.” ಮೂರು ತಲೆಮಾರು ಒಂದೇ ದಾರದಲ್ಲಿ!

ಸೋಲಬಾರದೆಂದು ಸಿದ್ದಿಗಳ ಮಾತು ತೆಗೆದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರೂ ಹಳೇ ಬಟ್ಟೆಯಲ್ಲೇ ಕೌದಿ ಹೊಲಿಯುತ್ತಾರೆ. ಮೂಲೆಯಿಂದ ಶುರುಮಾಡಿ, ಅಂಚು ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ‘ಫೂಲ’ ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಬೆತ್ತಲೆ. “2011ರಾಗ ಅವರ ಕೌದಿ ಅದೇ ನ್ಯೂಯಾರ್ಕಿನ್ಯಾಗ ಪ್ರದರ್ಶನಕ್ಕಿಟ್ಟಿದ್ರಕ್ಕ.”

“ಬರದದ್ದಷ್ಟ ಅಲ್ಲ, ಹೊಲದದ್ದೂ ಗ್ವಾಡಿ ಏರೈತಿ ಅನ್ನು!” ಅಕ್ಕನ ಮುಖ ಅರಳಿತು. ಮರುಗಳಿಗೆಗೆ ಅನುಮಾನ: “ಗ್ವಾಡಿಗೆ ತೂಗಿಬಿಟ್ರ ಹೊದ್ದುಕೊಳ್ಳೋರು ಯಾರು? ನನ್ನ ಮೊಮ್ಮಗ ಇದರ ಮ್ಯಾಲೆ ಉಚ್ಚಿ ಹೊಯ್ಯಾಂವ. ಅಲ್ಲಿ ಬಿಡ್ತಾರೇನು?”

“ಮುಟ್ಟಾಕೂ ಬಿಡೂದಿಲ್ಲ.”

“ಹಂಗಾರ ನಮ್ಮದು ಇಲ್ಲೇ ಇರ್ಲಿ. ನಿನ್ನ ಕಣ್ಣು ಚಲೋ ಅದಾವ. ಆ ಮೊಬೈಲ್ ಇಟ್ಟು ಈ ಸೂಜೀಗೆ ದಾರ ಪೋಣಿಸು.”