ಬೋರ್ಡಿಂಗ್ ಪಾಸ್ ರಾಯರು

ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕೂತಿರುತ್ತೀರಿ. ಪಕ್ಕದವರು ಯಾರೋ ‘ನಿನ್ನೆ ದೆಹಲಿಯಿಂದ ಬಂದೆ, ಫ್ಲೈಟು ಒಂದು ಗಂಟೆ ಲೇಟು’ ಎಂದು ಬಾಯಿ ತಪ್ಪಿ ಅಂದುಬಿಡುತ್ತಾರೆ. ಅಷ್ಟು ಸಾಕು. ಎದುರು ಸಾಲಿನಲ್ಲಿ ಕಣ್ಣು ಮುಚ್ಚಿ ನಾಗಸ್ವರಕ್ಕೆ ತಲೆದೂಗುತ್ತಿದ್ದವರೊಬ್ಬರು ಥಟ್ಟನೆ ಕಣ್ಣು ಬಿಟ್ಟು ಕೇಳುತ್ತಾರೆ: ‘ಯಾವುದರಲ್ಲಿ ಬಂದ್ರಿ?’

ನೀವು ಯಾವ ಹೆಸರು ಹೇಳಿದರೂ ಅವರ ಉತ್ತರ ಒಂದೇ: ‘ಅಯ್ಯೋ!’ ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಎರಡನೇ ಪಂಕ್ತಿ ಎದ್ದು ಮೂರನೆಯದಕ್ಕೆ ಎಲೆ ಹಾಕಿದರೂ ನಿಮಗೆ ಬಿಡುಗಡೆಯಿಲ್ಲ.

ಇವರೇ ಬೋರ್ಡಿಂಗ್ ಪಾಸ್ ರಾಯರು. ಜಯನಗರಕ್ಕೊಬ್ಬರು, ಮಲ್ಲೇಶ್ವರಕ್ಕೊಬ್ಬರು, ಮೈಸೂರಿನ ಸರಸ್ವತಿಪುರಂಗೂ ಒಬ್ಬರು ಇದ್ದೇ ಇದ್ದಾರೆ. ಯಾವುದೋ ಸರ್ಕಾರಿ ಕಾರ್ಖಾನೆಯಲ್ಲಿ ಡೆಪ್ಯುಟಿ ಜನರಲ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಬದುಕಿರುವ ಯಾವ ವಿಮಾನ ಸಂಸ್ಥೆಯ ಬಗೆಗೂ ಇವರ ಬಾಯಲ್ಲಿ ಒಳ್ಳೆಯ ಮಾತು ಬಂದದ್ದಿಲ್ಲ. ಬಾಗಿಲು ಹಾಕಿದ ಯಾವ ಸಂಸ್ಥೆಯ ಬಗೆಗೂ ಕೆಟ್ಟ ಮಾತು ಬಂದದ್ದಿಲ್ಲ.

‘ಇಂಡಿಯನ್ ಏರ್‌ಲೈನ್ಸ್ ಅಂದ್ರೆ ಏನು ಅಂತ ತಿಳ್ಕೊಂಡಿದ್ದೀರಿ?’ ಎಂದು ಶುರುವಾಗುತ್ತದೆ. ವಿಮಾನ ಮೇಲೇಳುವ ಮೊದಲು ಗಗನಸಖಿ ತಟ್ಟೆ ಹಿಡಿದು ಬರುತ್ತಿದ್ದಳಂತೆ. ತಟ್ಟೆಯಲ್ಲಿ ಚಾಕೊಲೇಟು, ಪೆಪ್ಪರಮೆಂಟು, ಸೋಂಪು, ಕಿವಿಗಿಟ್ಟುಕೊಳ್ಳಲು ಹತ್ತಿಯ ಉಂಡೆ. ಇಷ್ಟು ಹೇಳಿ ರಾಯರು ಹತ್ತಿಯನ್ನು ಕಿವಿಗಿಡುವ ಅಭಿನಯ ಮಾಡಿ ತೋರಿಸುತ್ತಾರೆ. ಪೆಪ್ಪರಮೆಂಟು ‘ಒಂದು ತಗೊಂಡ್ರೆ ಮರ್ಯಾದೆ’ ಎನ್ನುವುದು ಅವರ ಮಾತು. ಅವರ ಮಗಳನ್ನು ಕೇಳಿದರೆ, ಅಪ್ಪ ದೆಹಲಿಯಿಂದ ಬಂದ ರಾತ್ರಿ ಸಫಾರಿ ಸೂಟಿನ ಎರಡೂ ಜೇಬನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು ಅನ್ನುತ್ತಾಳೆ. ವಠಾರದ ಮಕ್ಕಳಿಗೆಲ್ಲ ಹಂಚಿಯೂ ಮಿಗುತ್ತಿತ್ತಂತೆ.

ಟಿಕೆಟ್ಟಿನ ಕತೆ ಬೇರೆ. ಕೆಂಪೇಗೌಡ ರಸ್ತೆಯ ಕಾವೇರಿ ಭವನದ ಕಚೇರಿಗೆ ಹೋಗಬೇಕು. ಅಲ್ಲಿ ಕೈಬರಹದಲ್ಲಿ ಬರೆದುಕೊಡುವ, ಹಾಳೆ ಹಾಳೆಗೂ ಕೆಂಪು ಕಾರ್ಬನ್ ಮೆತ್ತಿದ ಪುಸ್ತಕದಂಥ ಟಿಕೆಟ್ಟು. ಅದರ ಮೇಲೆ ‘ಓಕೆ’ ಎಂದು ಬಿದ್ದರೆ ಜೀವ ಬರುತ್ತಿತ್ತು. ಬೀಳದಿದ್ದರೆ ವೇಟಿಂಗ್ ಲಿಸ್ಟು, ಗುರುತಿನವರ ಗುರುತಿನವರಿಗೆ ಫೋನು. ಈ ಫಜೀತಿಯನ್ನೂ ರಾಯರು ಸೌಲಭ್ಯಗಳ ಪಟ್ಟಿಗೇ ಸೇರಿಸಿಕೊಂಡಿದ್ದಾರೆ. ‘ಈಗೇನ್ರೀ, ಮೊಬೈಲ್ ಒತ್ತಿದ್ರೆ ಟಿಕೆಟ್ಟು. ಅದರಲ್ಲೇನು ಗತ್ತು?’

1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಂದ 1990ರ ದಶಕದ ಆರಂಭದವರೆಗೆ ದೇಶದೊಳಗೆ ಹಾರಬೇಕೆಂದರೆ ಹೆಚ್ಚೂಕಡಿಮೆ ಇಂಡಿಯನ್ ಏರ್‌ಲೈನ್ಸ್ ಒಂದೇ ಗತಿ. ಸಣ್ಣ ಊರುಗಳಿಗೆ 1981ರಿಂದ ವಾಯುದೂತ್ ಇತ್ತು ಅನ್ನಿ. ಬೇರೆ ಅಂಗಡಿಯೇ ಇಲ್ಲದ ಊರಿನಲ್ಲಿ ಇದ್ದೊಂದು ಅಂಗಡಿಯವನು ಪೆಪ್ಪರಮೆಂಟು ಕೊಟ್ಟರೆ ಅದು ಉಪಚಾರ ಅನ್ನಿಸುವುದು ಸಹಜ. ಇದನ್ನು ಹೇಳಹೋಗಿ ಒಮ್ಮೆ ನಾನು ರಾಯರ ಮನೆಯ ಕಾಫಿ ಕಳೆದುಕೊಂಡಿದ್ದೇನೆ.

ಕಾಫಿಯ ಮಾತು ಬಂದದ್ದರಿಂದ ಚಮಚದ ವಿಷಯವನ್ನೂ ಹೇಳಿಬಿಡುತ್ತೇನೆ. ರಾಯರ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಗೊಂದು, ಜೀರಿಗೆಗೊಂದು, ಮೆಂತ್ಯಕ್ಕೊಂದು ಪುಟ್ಟ ಸ್ಟೀಲ್ ಚಮಚ ಇದೆ. ಹಿಡಿಯ ಮೇಲೆ ಸಂಸ್ಥೆಯ ಗುರುತು ಸವೆದಿದ್ದರೂ ಬೆಳಕಿಗೆ ಹಿಡಿದರೆ ಕಾಣುತ್ತದೆ. ‘ಅವು ಹೇಗೆ ಬಂದವು?’ ಎಂದು ಕೇಳುವುದು ಸಭ್ಯತೆಯಲ್ಲ. 2001ರ ಸೆಪ್ಟೆಂಬರ್ ಕಳೆದ ಮೇಲೆ ಭದ್ರತೆಯ ಕಾರಣಕ್ಕೆ ಲೋಹದ ಚಾಕು, ಫೋರ್ಕುಗಳ ಜಾಗಕ್ಕೆ ಪ್ಲಾಸ್ಟಿಕ್ ಬಂತಲ್ಲ, ರಾಯರ ಸಂಗ್ರಹ ಅಲ್ಲಿಗೆ ನಿಂತಿದೆ. ‘ಪ್ಯಾಸೆಂಜರ್ ಮೇಲೆ ನಂಬಿಕೆಯೇ ಹೋಯ್ತು ಕಣ್ರೀ’ ಎಂದು ನಿಟ್ಟುಸಿರು ಬಿಡುತ್ತಾರೆ, ಅಂಥದೇ ಇನ್ನೊಂದು ಚಮಚದಲ್ಲಿ ಸಕ್ಕರೆ ಕದಡುತ್ತಾ.

ಹಳೆಯ ಏರ್ ಇಂಡಿಯಾ ಎಂದರಂತೂ ರಾಯರು ಎದ್ದು ನಿಲ್ಲುವುದೊಂದು ಬಾಕಿ. ಅದರ ಗುರುತಾದ ಮೀಸೆಯ ಮಹಾರಾಜನ ಚಿತ್ರ 1946ರಲ್ಲಿ ಹುಟ್ಟಿತು. ಕಲ್ಪನೆ ಬಾಬಿ ಕೂಕಾ ಅವರದು, ಗೆರೆ ಉಮೇಶ್ ರಾವ್ ಅವರದು. ‘ರಾವ್ ಅಂದ್ಮೇಲೆ ನಮ್ಮವರೇ ಬಿಡಿ’ ಎಂದು ರಾಯರು ಆ ಮೀಸೆಗೂ ತಮಗೂ ಒಂದು ಸಂಬಂಧ ಹಚ್ಚಿಕೊಂಡಿದ್ದಾರೆ. 1967ರಲ್ಲಿ ಏರ್ ಇಂಡಿಯಾ ತನ್ನ ಮುಖ್ಯ ಗಿರಾಕಿಗಳಿಗೆ ಕೊಡಲು ಸಾಲ್ವಡಾರ್ ಡಾಲಿಯಿಂದ ಆಷ್‌ಟ್ರೇ ಮಾಡಿಸಿತ್ತು. ಹಂಸದ ತಲೆಯನ್ನು ತಿರುವಿ ನೋಡಿದರೆ ಆನೆ, ಆನೆಯನ್ನು ತಿರುವಿದರೆ ಹಂಸ. ಡಾಲಿ ದುಡ್ಡು ಕೇಳಲಿಲ್ಲ, ಆನೆ ಮರಿ ಕೇಳಿದ. ಮರಿ ಹೋದದ್ದು ಬೆಂಗಳೂರಿನಿಂದ! ಜಿನೀವಾವರೆಗೆ ವಿಮಾನದಲ್ಲಿ, ಅಲ್ಲಿಂದ ಸ್ಪೇನಿನ ಕಡಕೇಸಿಗೆ ಲಾರಿಯಲ್ಲಿ. ಇದು ನಡೆದ ಸಂಗತಿ. ರಾಯರು ಅದನ್ನು ಹೇಳುವಾಗ ಮಾತ್ರ ಆನೆಯನ್ನು ಹತ್ತಿಸಿದವರಲ್ಲಿ ತಾವೂ ಒಬ್ಬರು ಅನ್ನಿಸುತ್ತದೆ. ‘ನಮ್ಮ ಆನೆಗೆ ಸಿಕ್ಕಿದ ಲೆಗ್‌ರೂಮ್ ಇವತ್ತು ನನಗಿಲ್ಲ’ ಎನ್ನುತ್ತಾರೆ. ಈ ಒಂದು ಮಾತಿಗೆ ನನ್ನ ತಕರಾರಿಲ್ಲ. ನನ್ನ ಮಂಡಿಯ ಸಾಕ್ಷಿಯೂ ಅದೇ.

ಅವರ ಶೋಕ ಸ್ವಂತ ಲಾಭ-ನಷ್ಟ ನೋಡುವಂಥದ್ದಲ್ಲ. 2017ರಲ್ಲಿ ಏರ್ ಇಂಡಿಯಾ ದೇಶದೊಳಗಿನ ಎಕಾನಮಿ ದರ್ಜೆಯಲ್ಲಿ ಮಾಂಸಾಹಾರ ನಿಲ್ಲಿಸಿದಾಗ ರಾಯರು ಒಂದು ವಾರ ಮಂಕಾಗಿದ್ದರು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ‘ತಿನ್ನೋದು ಬಿಡೋದು ಬೇರೆ ಮಾತು. ಟ್ರಾಲಿ ತಳ್ಳಿಕೊಂಡು ಬಂದು ವೆಜ್ಜಾ ನಾನ್‌ವೆಜ್ಜಾ ಅಂತ ಕೇಳೋರು. ನಾನು ವೆಜ್ ಅಂತ ಹೇಳ್ತಿದ್ದೆ. ಈಗ ಆ ಪ್ರಶ್ನೆಯೇ ಇಲ್ಲವಲ್ಲ!’

ಆದರೆ ಅವರ ಶೋಕಕ್ಕೆ ರಾಜಧಾನಿ ಅಂತಿದ್ದರೆ ಅದು ಕಿಂಗ್‌ಫಿಷರ್. 2005ರ ಮೇ ತಿಂಗಳಲ್ಲಿ ಹಾರಿದ ಬೆಂಗಳೂರಿನ ಸಂಸ್ಥೆ. ಕಾರಿನಿಂದ ಇಳಿಯುತ್ತಲೇ ಪೆಟ್ಟಿಗೆ ಹಿಡಿದುಕೊಳ್ಳಲು ಆಳು, ಸೀಟಿಗೊಂದು ಟೀವಿ, ಕಿವಿಗೆ ಇಯರ್‌ಫೋನು, ಕೈಗೊಂದು ಪೆನ್ನು. ಮೇಲಾಗಿ ಟೀವಿಯಲ್ಲಿ ಒಡೆಯ ವಿಜಯ್ ಮಲ್ಯ ಖುದ್ದಾಗಿ ಕಾಣಿಸಿಕೊಂಡು, ನಿಮ್ಮನ್ನು ನನ್ನ ಮನೆಗೆ ಬಂದ ಅತಿಥಿಗಳಂತೆ ನೋಡಿಕೊಳ್ಳಲು ಹೇಳಿದ್ದೇನೆ ಅನ್ನುತ್ತಿದ್ದರು. ರಾಯರು ಆ ಮಾತನ್ನು ಅಕ್ಷರಶಃ ನಂಬಿದ್ದರು. ಪೆನ್ನುಗಳು ಇವತ್ತಿಗೂ ಅವರ ಮೇಜಿನ ಮೇಲಿವೆ. ಒಂದೂ ಬರೆಯುವುದಿಲ್ಲ, ಒಂದನ್ನೂ ಎಸೆಯುವಂತಿಲ್ಲ.

2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ನೇರ ಲಂಡನ್ನಿಗೆ ಕಿಂಗ್‌ಫಿಷರ್ ಶುರುವಾಯಿತು. ಮೊದಲ ದರ್ಜೆಯವರಿಗೆ ವಿಮಾನದೊಳಗೇ ಬಾರ್ ಇತ್ತು. ರಾಯರು ಅದರಲ್ಲಿ ಹೋದವರಲ್ಲ, ಕುಡಿಯುವವರೂ ಅಲ್ಲ. ಆದರೂ ಅದರ ಸ್ಟೂಲು ಎಷ್ಟು ಮೆತ್ತಗಿತ್ತು ಎಂದು ಹೇಳಬಲ್ಲರು. ಇದನ್ನಾದರೂ ಸಹಿಸಬಹುದು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಕಿಂಗ್‌ಫಿಷರ್ ವಿಮಾನ ನೆನೆದು ಅವರು ಕಣ್ಣೊರೆಸಿಕೊಳ್ಳುವಾಗ ಏನು ಮಾಡಬೇಕೋ ತಿಳಿಯುವುದಿಲ್ಲ. ಏಕೆಂದರೆ ಆ ವಿಮಾನ ಹಾರಲೇ ಇಲ್ಲ. ಘೋಷಣೆಯಾಗಿತ್ತು, ಅಷ್ಟೆ. ‘ಹಾರಿಲ್ಲ ನಿಜ. ಹಾರಿದ್ದರೆ ಹೇಗಿರ್ತಿತ್ತು ಯೋಚನೆ ಮಾಡಿ!’

ಏರ್ ಡೆಕ್ಕನ್ನಿನ ಪುಣ್ಯ ಇನ್ನೂ ದೊಡ್ಡದು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು–ಹುಬ್ಬಳ್ಳಿಯಂಥ ದಾರಿಗಳಲ್ಲಿ ಕಡಿಮೆ ದರದ ವಿಮಾನ ಬಿಟ್ಟಾಗ ರಾಯರು ‘ರೆಕ್ಕೆ ಕಟ್ಟಿದ ಕೆಂಪು ಬಸ್ಸು’ ಎಂದು ನಕ್ಕಿದ್ದರು. ನೀರಿಗೂ ದುಡ್ಡು ಕೊಡುವ ವಿಮಾನಕ್ಕೆ ಮಾನವಂತರು ಹತ್ತುವುದಿಲ್ಲ ಎಂದಿದ್ದರು. ಆಗ ಒಂದು ರೂಪಾಯಿ ಟಿಕೆಟ್ಟು ಹಿಡಿಯಲು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತ ಜನರಿದ್ದರು. ಸೀರೆಯ ಸೆರಗು ಬಿಗಿದು, ಬುತ್ತಿ ಹಿಡಿದು ಮೊದಲ ಬಾರಿ ವಿಮಾನ ಹತ್ತಿದ ಹುಬ್ಬಳ್ಳಿಯ ಅಜ್ಜಿಯರಿದ್ದರು. ಆ ಸಂಸ್ಥೆ ಕಿಂಗ್‌ಫಿಷರ್ ಹೊಟ್ಟೆ ಸೇರಿತು, ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೆಲ ಕಚ್ಚಿತು. ಈಗ ಕೇಳಿ: ‘ಡೆಕ್ಕನ್ ಅಂದ್ರೆ ಡೆಕ್ಕನ್! ಒಂದು ರೂಪಾಯಿಗೆ ಯಾರ್ರೀ ಕೊಡ್ತಾರೆ?’ ಜೆಟ್ ಏರ್‌ವೇಸ್‌ಗೂ ಹೀಗೇ ಆಯಿತು. 2015ರಲ್ಲಿ ಹುಟ್ಟಿದ ವಿಸ್ತಾರವನ್ನು ನೋಡಿ, ಜೆಟ್ ನಿಂತ ಮೇಲೆ ‘ಜೆಟ್ಟಿನ ಮುಂದೆ ಇದೇನು ಮಹಾ’ ಎನ್ನುತ್ತಿದ್ದವರು, 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾದಲ್ಲಿ ವಿಲೀನವಾದ ಬೆಳಿಗ್ಗೆ ನನಗೆ ಫೋನು ಮಾಡಿ, ‘ಇನ್ನು ಅಂಥ ಸರ್ವಿಸ್ ಕಾಣೋಕಾಗಲ್ಲ ಬಿಡಿ’ ಎಂದರು.

ಎಚ್‌ಎಎಲ್ ನಿಲ್ದಾಣದ ವಿಷಯ ಎತ್ತುವುದೇ ಬೇಡ. 2008ರ ಮೇನಲ್ಲಿ ಅದು ಪ್ರಯಾಣಿಕರಿಗೆ ಮುಚ್ಚಿ ದೇವನಹಳ್ಳಿಯದು ತೆರೆಯಿತು. ಮನೆಯಲ್ಲಿ ಊಟ ಮುಗಿಸಿ ಆಟೋದಲ್ಲಿ ಹೋಗುತ್ತಿದ್ದೆ ಎಂಬ ಒಂದು ವಾಕ್ಯವನ್ನು ರಾಯರು ಬಗೆಬಗೆಯಾಗಿ ಹೇಳಬಲ್ಲರು.

ಇನ್ನು ಬೋರ್ಡಿಂಗ್ ಪಾಸುಗಳ ಆಲ್ಬಮ್ಮು. ರಾಯರಿಗೆ ಹೆಸರು ತಂದುಕೊಟ್ಟದ್ದೇ ಅದು. ಮದುವೆಯ ಫೋಟೋ ಆಲ್ಬಮ್ಮಿಗಿಂತ ದಪ್ಪ. ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಪುಟ ತಿರುವಿದರು. ಬೆಂಗಳೂರು–ದೆಹಲಿ, ದೆಹಲಿ–ಬೆಂಗಳೂರು, ನಡುವೆ ಒಂದು ಕಲ್ಕತ್ತ. ನೋಡುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ಹೆಚ್ಚಿನವು ಕಪ್ಪು-ಬಿಳುಪು, ಅಂಚಿನಲ್ಲಿ ಕಪ್ಪು ಮಸಿ.

‘ರಾಯರೇ, ಇವೆಲ್ಲ ಜೆರಾಕ್ಸ್ ಅಲ್ಲವೇ?’

ರಾಯರು ಪುಟ ತಿರುವಿದರು. ಅಡುಗೆಮನೆಯಿಂದ ಅವರ ಹೆಂಡತಿ ಉತ್ತರ ಕೊಟ್ಟರು: ‘ಒರಿಜಿನಲ್ಲು ಟಿಎ ಬಿಲ್ಲಿಗೆ ಲಗತ್ತಿಸಬೇಕಿತ್ತಲ್ಲ. ಅಕೌಂಟ್ಸ್ ಸೆಕ್ಷನ್ನಿನಲ್ಲಿರಬೇಕು.’

ಆ ಸುವರ್ಣಯುಗದ ಒಂದೇ ಒಂದು ಟಿಕೆಟ್ಟಿಗೂ ರಾಯರು ಸ್ವಂತ ಜೇಬಿನಿಂದ ಕಾಸು ಬಿಚ್ಚಿರಲಿಲ್ಲ. ದೆಹಲಿಯಲ್ಲಿ ಮೀಟಿಂಗು, ಕಾರ್ಖಾನೆಯ ಖರ್ಚು. ‘ನನ್ನನ್ನ ಮಾತ್ರ ಮಂತ್ರಾಲಯಕ್ಕೂ ರೈಲಲ್ಲೇ ಕರ್ಕೊಂಡು ಹೋದ್ರು’ ಎಂದು ಒಳಗಿನಿಂದ ಇನ್ನೊಂದು ಮಾತು ಬಂತು. ಇನ್ನು ಕಿಂಗ್‌ಫಿಷರ್ ಅತಿಥಿಸತ್ಕಾರದ ಖರ್ಚು ನಿಜವಾಗಿ ಯಾರದು ಎಂಬುದನ್ನು ಆಮೇಲೆ ಹದಿನೇಳು ಬ್ಯಾಂಕುಗಳು ಕೋರ್ಟಿನಲ್ಲಿ ವಿವರಿಸಿದವು. ಒಂದು ವರ್ಷವೂ ಲಾಭ ಕಾಣದ ಸಂಸ್ಥೆ ಅದು. ಕೊನೆಗಾಲದಲ್ಲಿ ನಗುನಗುತ್ತ ಬಡಿಸಿದವರಿಗೇ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಆತಿಥೇಯರು 2016ರ ಮಾರ್ಚಿನಲ್ಲಿ ಲಂಡನ್ನಿಗೆ ಹೊರಟುಹೋದರು, ತಮ್ಮದಲ್ಲದ ವಿಮಾನದಲ್ಲಿ. ಇದನ್ನೆಲ್ಲ ಹೇಳಿದರೆ ರಾಯರು ಕಿವಿಗೆ ಮತ್ತೆ ಹತ್ತಿ ಇಟ್ಟುಕೊಳ್ಳುತ್ತಾರೆ.

ಹೋದ ಚಳಿಗಾಲದಲ್ಲಿ ಮೊಮ್ಮಗನ ಉಪನಯನಕ್ಕೆ ದಂಪತಿ ದೆಹಲಿಗೆ ಹೊರಟರು. ಮೊದಲ ಬಾರಿ ರಾಯರ ಸ್ವಂತ ದುಡ್ಡು. ಅದೇ ವಿಮಾನದಲ್ಲಿ, ಅವರ ಹಿಂದಿನ ಸಾಲಿನಲ್ಲಿ ನಾನಿದ್ದೆ. ಸೀಟಿಗೆ ಬೇರೆ, ಪೆಟ್ಟಿಗೆಗೆ ಬೇರೆ ಎಂದು ಕಾಸು ಕಳೆದುಕೊಂಡ ರಾಯರು ದೇವನಹಳ್ಳಿಯಿಂದ ಹೈದರಾಬಾದಿನ ಆಕಾಶದವರೆಗೆ ಬಾಯಿ ಬಿಡಲಿಲ್ಲ. ಹಸಿವು ತಡೆಯಲಾರದೆ ಕೊನೆಗೆ ಬಿಸಿನೀರು ಹುಯ್ದು ಮುಚ್ಚಿಡುವ ಲೋಟದ ಉಪ್ಪಿಟ್ಟು ಕೊಂಡರು. ಬೆಲೆ ಕೇಳಿ ಎರಡು ಸಲ ‘ಆಂ?’ ಎಂದರು. ಲೋಟದ ತಳ ಕಾಣುವವರೆಗೂ ಕೆರೆದು ತಿಂದರು. ಆಮೇಲೆ ಖಾಲಿ ಲೋಟವನ್ನೂ ಮರದ ಪುಟ್ಟ ಚಮಚವನ್ನೂ ಕಾಗದದ ಕರವಸ್ತ್ರದಲ್ಲಿ ನೀಟಾಗಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡರು.

‘ಅದ್ಯಾತಕ್ಕೆ ಅಂದ್ರೆ?’ ಎಂದರು ಅವರ ಹೆಂಡತಿ.

‘ಇರ್ಲಿ ಕಣೇ. ಇದೂ ಎಷ್ಟು ದಿನ ಕೊಡ್ತಾರೋ ಏನೋ.’