ಮೇಜಿನಡಿಯ ಸಂಸ್ಥಾನಾಧಿಪತಿ

ಸಣ್ಣ ಕಂಪನಿ ಎಂದ ಮೇಲೆ ಅಲ್ಲೊಬ್ಬ ಸಿಸ್ಟಮ್ ಅಡ್ಮಿನ್ ಇರುತ್ತಾನೆ. ಅವನ ಮೇಜಿನಡಿಯಲ್ಲಿ ಒಂದು ಡೆಸ್ಕ್‌ಟಾಪ್, ಅದರ ನೆತ್ತಿಯ ಮೇಲೆ ‘ದಯವಿಟ್ಟು ಆಫ್ ಮಾಡಬೇಡಿ’ ಎಂಬ ಚೀಟಿ. ಆ ಮೂಲೆಗೆ ಪೊರಕೆಯೂ ಹೋಗುವುದಿಲ್ಲ. ಒಂದೇ ಡಬ್ಬದೊಳಗೆ ಏಳೆಂಟು ವರ್ಚುವಲ್ ಮೆಷಿನ್ ಸಾಕಿಕೊಂಡು ಅವನು ಪುಟ್ಟ ಸಂಸ್ಥಾನದ ಅರಸನ ಹಾಗೆ ಆಳುತ್ತಿರುತ್ತಾನೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹಾಜರಾತಿ ಒಂದರಲ್ಲಿತ್ತು, ಸ್ಟೋರ್ಸ್ ಇನ್ನೊಂದರಲ್ಲಿ, ಎಲ್ಲರ ಸಂಬಳ ಮತ್ತೊಂದರಲ್ಲಿ.

ನಾನು ಅಕೌಂಟ್ಸ್‌ನವಳು, ಸಂಬಳದ ಪಾಡು ನನ್ನದು. ನಮ್ಮ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಯ ಕೈಬಿಟ್ಟಿತು, ನಮ್ಮವನು ಬಿಡಲಿಲ್ಲ. ಆದರೆ ಅವನ ಡೆಸ್ಕ್‌ಟಾಪ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದರೆ ಅದರೊಳಗಿದ್ದವೆಲ್ಲ ಒಟ್ಟಿಗೆ ಮಲಗುತ್ತಿದ್ದವು. ಅದೂ ತಿಂಗಳ ಕೊನೆಗೇ. “ಮೇಡಂ, ಐದೇ ನಿಮಿಷ” ಎನ್ನುತ್ತಿದ್ದ. ಆ ಐದು ನಿಮಿಷದಲ್ಲಿ ನಾನು ಊಟ ಮುಗಿಸಿ, ಕಾಫಿ ಕುಡಿದು, ಮನೆಗೆ ಫೋನ್ ಮಾಡಿ ಬಂದರೂ ಇನ್ನೂ ಐದು ನಿಮಿಷ ಉಳಿದಿರುತ್ತಿತ್ತು.

ಅವನ ಇನ್ನೊಂದು ಗುಣ: ಯಾವುದನ್ನೂ ಅಳಿಸುವವನಲ್ಲ. ಪ್ರತಿ ಮೆಷಿನ್‌ಗೂ ಸ್ನ್ಯಾಪ್‌ಶಾಟ್ ಮೇಲೆ ಸ್ನ್ಯಾಪ್‌ಶಾಟ್: ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’.

ಇವನ್ನೆಲ್ಲ ಸರ್ವರ್‌ಗೆ ಸಾಗಿಸುವ ಕಥೆ ಬೇರೆಯೇ. “ಇಎಸ್‌ಎಕ್ಸ್‌ಐ ಫ್ರೀ ಇದೆ, ಮುಂದಿನ ತಿಂಗಳು ಹಾಕೋಣ” ಎಂದು ವರ್ಷಗಟ್ಟಲೆ ದೂಡಿದ. ಸರ್ವರ್ ಮೇಲೆ ವರ್ಚುವಲ್ ಮೆಷಿನ್ ಓಡಿಸುವ ಆ ಸಾಫ್ಟ್‌ವೇರ್ ವಿಎಂವೇರ್‌ನದು; ಆ ಕಂಪನಿಯನ್ನು 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೊಂಡಿತು. 2024ರ ಆರಂಭದಲ್ಲಿ ಆ ಫ್ರೀ ಆವೃತ್ತಿ ನಿಂತುಹೋಯಿತು. ಕೊನೆಗೆ ಅದರ ಬದಲು ವಿಯೆನ್ನಾದವರ ಪ್ರಾಕ್ಸ್‌ಮಾಕ್ಸ್ ಹಾಕಿಕೊಂಡ. 2025ರ ಏಪ್ರಿಲ್‌ನಲ್ಲಿ ಇಎಸ್‌ಎಕ್ಸ್‌ಐ ಮತ್ತೆ ಫ್ರೀ ಆದಾಗ, “ನೋಡಿದ್ರಾ ಮೇಡಂ, ಕಾಯಬೇಕಿತ್ತು” ಎಂದ!

ಸಂಬಳದ ಮೆಷಿನ್‌ನ ಸ್ಥಳಾಂತರ ಒಂದು ಭಾನುವಾರ. ಅದರ ಡಿಸ್ಕಿನ ವಿಎಂಡಿಕೆ ಫೈಲನ್ನು ಕ್ಯೂಕೌ2 ರೂಪಕ್ಕೆ ಬದಲಿಸಿ, ವೇಗ ಬರಲೆಂದು ಡಿಸ್ಕನ್ನು ವರ್ಟ್‌ಐಒಗೆ ಜೋಡಿಸಿದ. ಎಕ್ಸ್‌ಪಿಯ ಹತ್ತಿರ ಅದರ ಡ್ರೈವರ್ ಎಲ್ಲಿಂದ ಬರಬೇಕು? ನೀಲಿ ಪರದೆ, ಕೆಳಗೆ 7ಬಿ ಎಂಬ ಕೋಡು. ಹಳೆಯ ಐಡಿಇಗೇ ಮರಳಿ, ರಿಜಿಸ್ಟ್ರಿ ತಿದ್ದಿ, ಸಂಜೆಯ ಹೊತ್ತಿಗೆ ಎಬ್ಬಿಸಿದ. ಸೋಮವಾರ ನಾನು ತೆರೆದು ನೋಡುತ್ತೇನೆ: ಎಂದೋ ರಾಜೀನಾಮೆ ಕೊಟ್ಟು ಹೋದವರೆಲ್ಲ ಸಂಬಳಕ್ಕೆ ಸಾಲಾಗಿ ನಿಂತಿದ್ದಾರೆ! ನನ್ನ ಇನ್‌ಕ್ರಿಮೆಂಟ್ ಮಾತ್ರ ಮಾಯ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಆಗುವ ಬದಲಾವಣೆ ಬೇರೆ ಫೈಲಿಗೆ ಹೋಗುತ್ತದಂತೆ; ಎಲ್ಲವನ್ನೂ ಒಂದುಗೂಡಿಸದೆ ಇವನು ಬುಡದ ಫೈಲನ್ನಷ್ಟೇ ಸಾಗಿಸಿದ್ದ. “ಮೇಡಂ, ಡೇಟಾ ಸೇಫ್ ಆಗಿದೆ, ಸ್ವಲ್ಪ ಹಳೇದು ಅಷ್ಟೆ” ಎಂದ ಧೈರ್ಯಕ್ಕೆ ಬೈಯಲೂ ಬಾಯಿ ಬರಲಿಲ್ಲ. ಮೂಲವನ್ನು ಅಳಿಸದೆ ಇಟ್ಟಿದ್ದನಲ್ಲ, ಅದೇ ಕಾಪಾಡಿತು. ನಾನು ಹೀಯಾಳಿಸುತ್ತಿದ್ದ ಚಾಳಿಯೇ ನನ್ನ ಇನ್‌ಕ್ರಿಮೆಂಟ್ ಉಳಿಸಿತು.

ಈಗ ಎಲ್ಲ ಸರ್ವರ್ ರೂಮಿನಲ್ಲಿದೆ. ತಿಂಗಳ ಕೊನೆ ಸದ್ದಿಲ್ಲದೆ ಕಳೆಯುತ್ತದೆ. ಅವನನ್ನು ಯಾರೂ ಕೂಗುವುದಿಲ್ಲ. ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ಮೊಬೈಲ್ ತೀಡುತ್ತಿರುತ್ತಾನೆ. ಕೆಟ್ಟಾಗ ಮಾತ್ರ ನೆನಪಾಗುವ ಕೆಲಸ ಅವನದು. ನೆಟ್ಟಗೆ ಮಾಡಿದಷ್ಟೂ ಮಂದಿ ಮರೆಯುತ್ತಾರೆ. ಅಕೌಂಟ್ಸ್‌ನವರ ಹಣೆಬರಹವೂ ಅಷ್ಟೇ ಅನ್ನಿ.

ಮನಸ್ಸು ತಡೆಯದೆ ಮೊನ್ನೆ ನಾನೇ ಕರೆದೆ. “ಯಾಕೋ ಸ್ವಲ್ಪ ಸ್ಲೋ ಅನ್ನಿಸ್ತಿದೆ, ನೋಡ್ತೀರಾ?” ಮುಖ ಅರಳಿತು, ಓಡಿ ಬಂದ, ಮಧ್ಯಾಹ್ನವಿಡೀ ಕೂತು ಏನೇನೋ ಟ್ಯೂನ್ ಮಾಡಿದ.

ಈಗ ನಿಜವಾಗಿಯೂ ಸ್ಲೋ ಆಗಿದೆ.