‘ನಾಳಿಕ್ ಬತ್ತೆ’ ಅಂದ ಪ್ಲಂಬರ್ ಮಾರಾಯ್ರಿಗೆ

ತ್ರಾಸಿ

ಪ್ಲಂಬರ್ ಮಾರಾಯ್ರೇ,

ನಾವೆಲ್ಲ ಕ್ಷೇಮ. ನೀವು ಕ್ಷೇಮವಾಗಿರುವುದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಿನಾ ಕಾಣುತ್ತಿದೆ. ನಮ್ಮ ಬಚ್ಚಲುಮನೆಯ ವಾಶ್ ಬೇಸಿನ್ನಿನ ನಲ್ಲಿಯೂ ಕ್ಷೇಮವಾಗಿ ಸೋರುತ್ತಲೇ ಇತ್ತು. “ಇವತ್ತ್ ಆತಿಲ್ಲೆ, ನಾಳಿಕ್ ಬತ್ತೆ” ಎಂದು ನೀವು ಹೇಳಿದ ಮೇಲೆ ಮನೆಯಲ್ಲಿ ಆದ ಅಭಿವೃದ್ಧಿ ಕೆಲಸಗಳನ್ನು ನಾಲ್ಕು ಜನರೆದುರು ಹೇಳಿ ನಿಮಗೆ ಕೃತಜ್ಞತೆ ಸಲ್ಲಿಸಬೇಕೆಂದು ಈ ಪತ್ರ. ಖಾಸಗಿಯಾಗಿಯೇ ಹೇಳಬಹುದಿತ್ತು. ಫೋನ್ ಎತ್ತಬೇಕಲ್ಲ.

ನೀವು ಬರಲೇ ಇಲ್ಲ ಎಂಬ ದೂರು ನನ್ನದಲ್ಲ. ಒಂದು ಸಂಜೆ ತ್ರಾಸಿ ಜಂಕ್ಷನ್ನಿನವರೆಗೆ ಬಂದಿದ್ದೀರಿ, ಬೈಕ್ ನಿಲ್ಲಿಸಿ ಚಾ ಕುಡಿದಿದ್ದೀರಿ, ಆಮೇಲೆ ಗಂಗೊಳ್ಳಿ ರಸ್ತೆಗೆ ತಿರುಗಿದ್ದೀರಿ. ಇದು ಈ ಸೀಮೆಯ ಹಳೇ ಕ್ರಮವೇ. ಕೊಡಚಾದ್ರಿಯಿಂದ ಇಳಿದು ಕೊಲ್ಲೂರು ದಾಟಿ ಬರುವ ಸೌಪರ್ಣಿಕೆ ಕೂಡ ಮರವಂತೆಯಲ್ಲಿ ಸಮುದ್ರಕ್ಕೆ ಒಂದು ರಸ್ತೆಯ ದೂರಕ್ಕೆ ಬಂದು, ಎಂತದೋ ನೆನಪಾದವಳ ಹಾಗೆ ತಿರುಗಿ ಗಂಗೊಳ್ಳಿ ಕಡೆಗೇ ಹೋಗುತ್ತಾಳೆ. ಆ ತಿರುವು ನೋಡಲು ಜನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನಿಮ್ಮ ತಿರುವು ನೋಡಿದವನು ನಾನೊಬ್ಬನೇ.

ನಿಮ್ಮಿಂದಾದ ಮೊದಲ ಉಪಕಾರ ಮಗಳ ಗಣಿತಕ್ಕೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ ಒಂದು ಎಂ.ಎಲ್. ಲೆಕ್ಕ. ನಮ್ಮ ನಲ್ಲಿ ಸೆಕೆಂಡಿಗೊಂದು ಹನಿ ಹಾಕುತ್ತಿತ್ತು. ದಿನಕ್ಕೆ 86,400 ಹನಿ, ಅಂದರೆ 4.3 ಲೀಟರ್. ನಲ್ಲಿಯ ಹನಿ ಡ್ರಿಪ್ಪಿನ ಹನಿಗಿಂತ ದಪ್ಪ ಎಂಬುದನ್ನು ಬಿಟ್ಟೇ ಈ ಲೆಕ್ಕ. ಹೀಗೇ ನಡೆದಿದ್ದರೆ ವರ್ಷಕ್ಕೆ ಒಂದೂವರೆ ಸಾವಿರ ಲೀಟರ್ ದಾಟುತ್ತಿತ್ತು. ಮಾಡಿನ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಒಂದೂವರೆ ಟ್ಯಾಂಕು.

ತ್ರಾಸಿಯಂಥ ಊರಲ್ಲಿ ಇದೊಂದು ವಿಷಯವೇ ಎಂದು ನೀವು ಕೇಳಬಹುದು. ಪಡುಗಡೆ ಅರಬ್ಬೀ ಸಮುದ್ರ, ಮೂಡುಗಡೆ ಸೌಪರ್ಣಿಕೆ, ಮೇಲಿನಿಂದ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿ ನೀರಿಗೆ ಬರವೆಂದರೆ ಘಟ್ಟದ ಮೇಲಿನವರು ನಗುತ್ತಾರೆ. ಮಾರ್ಚ್ ಕಳೆಯಲಿ, ಆಗ ಅವರು ಬರಬೇಕು. ಹೊಳೆಯಲ್ಲಿ ಮೇಲಿನ ನೀರಿನ ಒತ್ತಡ ಇಳಿದಂತೆ ಭರತದ ಉಪ್ಪುನೀರು ಒಳಗೆ ಹತ್ತುತ್ತದೆ, ದಂಡೆಯ ಬಾವಿಗಳ ರುಚಿ ಬದಲಾಗುತ್ತದೆ, ಗಂಜಿಗೆ ಬೇರೆ ಉಪ್ಪು ಬೇಡವಾಗುತ್ತದೆ. ಜಲಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿತು. ಮಗಳು ಅದನ್ನೂ ಭಾಗಿಸಿದಳು: ನಮ್ಮ ನಲ್ಲಿ ಹದಿಮೂರು ದಿನಕ್ಕೊಮ್ಮೆ ಒಬ್ಬ ಮನುಷ್ಯನ ಇಡೀ ದಿನದ ಪಾಲನ್ನು ಕುಡಿದು ಮುಗಿಸುತ್ತಿತ್ತು. ರೇಷನ್ ಕಾರ್ಡಿನಲ್ಲಿ ಅದರ ಹೆಸರನ್ನೂ ಸೇರಿಸಬೇಕೆಂದು ಅವಳ ವಾದ.

ನೀರಿನ ಬಗ್ಗೆ ನಮಗೆ ಕಾಳಜಿಯಿಲ್ಲ ಎಂದು ಮಾತ್ರ ಯಾರೂ ಹೇಳುವ ಹಾಗಿಲ್ಲ. ಉಪ್ಪುನೀರು ಮೇಲೆ ಬಾರದಂತೆ ಹಲಗೆ ಹಾಕುವ ಕಿಂಡಿ ಅಣೆಕಟ್ಟಿನ ವಿಷಯದಲ್ಲಿ ಚಾದ ಅಂಗಡಿಯಲ್ಲಿ ಕೂತವರಿಗೆಲ್ಲ ಸ್ವಂತ ಅಭಿಪ್ರಾಯವಿದೆ. ಹಲಗೆ ಸಂದಿಯಲ್ಲಿ ನೀರು ಹೋಯಿತೆಂದರೆ ಇಲಾಖೆ, ಗುತ್ತಿಗೆದಾರ, ಶಾಸಕ, ಯಾರನ್ನೂ ಬಿಡುವುದಿಲ್ಲ. ನಲ್ಲಿಯ ವಾಶರಿಗೆ ಮಾತ್ರ ಶಾಸಕರಿಲ್ಲ.

ಎರಡನೇ ಉಪಕಾರ ಬಸಳೆಗೆ. ಬೇಸಿನ್ನಿನ ವೇಸ್ಟ್ ಪೈಪು ಹಿತ್ತಿಲಿನ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ನೀವು ಬಾರದ ದಿನಗಳಲ್ಲಿ ಆ ಬಳ್ಳಿ ಹಬ್ಬಿದ ರೀತಿ ಕಂಡು ಅಮ್ಮನ ನಿಲುವೇ ಬದಲಾಯಿತು. “ಇದ್ದ್ರ್ ಇರ್ಲಿ ಮಗಾ, ಸುಮ್ನೆ ರಿಪೇರಿ ಎಂತಕೆ?” ಎಂದರು. ಹನಿ ನೀರಾವರಿಗೆ ಸರಕಾರ ಸಬ್ಸಿಡಿ ಕೊಡುತ್ತದೆ. ನೀವು ಪುಕ್ಕಟೆ ಮಾಡಿಕೊಟ್ಟಿರಿ.

ಮೂರನೆಯದು ವಿದ್ಯೆ. ನೀವು ಬಂದಿದ್ದರೆ ಬಚ್ಚಲುಮನೆ ಬಾಗಿಲು ಅರ್ಧ ಎಳೆದುಕೊಂಡು, ನಮಗೆ ಬೆನ್ನು ಹಾಕಿ, ಎಂತದೋ ಮಾಡಿ ಹೋಗಿಬಿಡುತ್ತಿದ್ದಿರಿ. ಬಾರದ ಕಾರಣ ಆಚೆಮನೆ ಅಜ್ಜಯ್ಯ ಬಂದರು. ಮುಂಬಯಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವಲ್ಲಿಂದ ಗಲ್ಲೆಯವರೆಗೆ ಎಲ್ಲ ಕಂಡವರು. ಹೋಟೆಲಿನಲ್ಲಿ ನಲ್ಲಿ ಸೋರಿದರೆ ಪ್ಲಂಬರಿಗೆ ಕಾಯುವ ಪದ್ಧತಿ ಇರಲಿಲ್ಲವಂತೆ. ಹಳೇ ಚರ್ಮದ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ ಹಿತ್ತಾಳೆ ನಲ್ಲಿಯೊಳಗೆ ಕೂರಿಸಿದರೆ ಮುಗಿಯಿತು.

ಅವರು ಮೊದಲು ಕೇಳಿದ್ದು, ನೀರು ಎಲ್ಲಿಂದ ಬರುತ್ತಿದೆ ಎಂದು. ಮೂತಿಯಿಂದ ಹನಿಯುತ್ತಿದ್ದರೆ ವಾಶರ್ ಸವೆದಿದೆ. ತಿರುಗಿಸುವ ಹಿಡಿಯ ಬುಡದಲ್ಲಿ ಜಿನುಗಿದರೆ ಓ-ರಿಂಗ್ ಹೋಗಿದೆ. ಬೇಸಿನ್ನಿನ ಅಡಿಯಲ್ಲಿ ಒದ್ದೆಯಾದರೆ ಕನೆಕ್ಷನ್ ಪೈಪಿನ ತಕರಾರು. ಇಷ್ಟು ತಿಳಿಯದೆಯೇ ನಾವು ಮನೆಮಂದಿಯೆಲ್ಲ ಸರದಿಯಲ್ಲಿ ಆ ನಲ್ಲಿಯನ್ನು ಬಲವಾಗಿ ಬಿಗಿಯುತ್ತಿದ್ದೆವು. ಬಿಗಿದಷ್ಟೂ ಸವೆದ ರಬ್ಬರು ಇನ್ನಷ್ಟು ಹರಿಯುತ್ತದೆ, ಸೋರುವುದು ಹೆಚ್ಚುತ್ತದೆ, ಮತ್ತೆ ಬಿಗಿಯುತ್ತೇವೆ. ತಿರುಗಿಸಿ ಬಿಗಿಯುವ ಈ ಜಾತಿಯ ನಲ್ಲಿಯನ್ನು 1845ರಲ್ಲಿ ಇಂಗ್ಲೆಂಡಿನ ರಾದರಮ್ ಊರಿನ ಗೆಸ್ಟ್ ಅಂಡ್ ಕ್ರೈಮ್ಸ್ ಕಂಪನಿ ತಯಾರಿಸತೊಡಗಿತು. ಅಂದಿನಿಂದ ಸೂತ್ರ ಒಂದೇ: ಸ್ಪಿಂಡಲ್ ಕೆಳಗಿಳಿದು ಒಂದು ಸಣ್ಣ ಬಿಲ್ಲೆಯನ್ನು ನೀರಿನ ತೂತಿನ ಮೇಲೆ ಒತ್ತಿ ಹಿಡಿಯುತ್ತದೆ. ನೀರನ್ನು ತಡೆಯುವುದು ಬಿಲ್ಲೆ, ಹೆಸರು ನಲ್ಲಿಗೆ.

ಅಡಿಯ ಆಂಗಲ್ ಕಾಕ್ ಬಂದ್ ಮಾಡಬೇಕಿತ್ತು. ಕಡಲ ಗಾಳಿಗೆ ಹಸಿರು ಕಿಲುಬು ಹಿಡಿದು ಅದು ಜಪ್ಪಯ್ಯ ಅನ್ನಲಿಲ್ಲ. ಮೇಲೆ ಹತ್ತಿ ಟ್ಯಾಂಕಿನ ಗೇಟ್ ವಾಲ್ವನ್ನೇ ನಿಲ್ಲಿಸಿ, ನಲ್ಲಿ ತೆರೆದು ಪೈಪಿನಲ್ಲಿದ್ದ ನೀರು ಖಾಲಿ ಮಾಡಿದೆವು. ಬೇಸಿನ್ನಿನ ತೂತಿಗೆ ಅಜ್ಜಯ್ಯ ಬೈರಾಸಿನ ತುದಿ ತುರುಕಿದರು, ಸ್ಕ್ರೂ ಬಿದ್ದರೆ ಬಸಳೆ ಬುಡದಲ್ಲಿ ಹುಡುಕಬೇಕಾಗುತ್ತದೆಂದು. ಹಿಡಿಯ ನೆತ್ತಿಯ ಬಿರಡೆ ಎಬ್ಬಿಸಿದರೆ ಒಂದು ಸ್ಕ್ರೂ. ಹಿಡಿ ತೆಗೆದರೆ ಕೆಳಗೆ ಆರುಮೂಲೆಯ ನಟ್ಟು. ಕ್ರೋಮಿಗೆ ಗೀರು ಬೀಳಬಾರದೆಂದು ಅದಕ್ಕೊಂದು ಬಟ್ಟೆ ಸುತ್ತಿ, ಒಂದು ಕೈಯಲ್ಲಿ ನಲ್ಲಿಯ ಮೈ ಗಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸಿದರು. ಸ್ಪಿಂಡಲ್ ಹೊರಬಂತು. ಅದರ ತುದಿಯಲ್ಲಿತ್ತು ನಿಮ್ಮ ದಾರಿ ಕಾಯಿಸಿದ ವಸ್ತು: ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಕಪ್ಪು ರಬ್ಬರು, ಮೈಮೇಲೆ ಒತ್ತಿ ಒತ್ತಿ ಬಿದ್ದ ಉಂಗುರದ ಗುರುತು, ಒಂದು ಬದಿಯಲ್ಲಿ ಮಾತ್ರ ಹರಿದ ಅಂಚು. ಮುಟ್ಟಿದರೆ ಬೆರಳಿಗೆ ಕಪ್ಪು ಪುಡಿ ಹತ್ತಿತು.

ಅದನ್ನು ಕಿಸೆಯಲ್ಲಿಟ್ಟುಕೊಂಡು ಪೇಟೆಗೆ ಹೋದೆ. ಅಂಗಡಿಯವರು ಕೈಯಲ್ಲಿ ಹಿಡಿದು, ಹಳೇ ಕಾಲದ ನಾಣ್ಯ ಕಂಡವರ ಹಾಗೆ ತಿರುವಿ ನೋಡಿದರು. “ವಾಶರ್ ಈಗ ಯಾರ್ ತಕಂತ್ರ್ ಮಾರಾಯ್ರೆ? ಹೊಸತೇ ಹಾಕ್ಕಣಿ” ಎಂದು ಗೋಡೆ ತೋರಿಸಿದರು. ಗೋಡೆಯ ತುಂಬ ಮಿರಿಮಿರಿ ನಲ್ಲಿಗಳು, ಕಾಲು ಸುತ್ತು ತಿರುಗಿಸಿದರೆ ನಿಲ್ಲುವಂಥವು. ಅವುಗಳಲ್ಲಿ ವಾಶರಿನ ಜಾಗದಲ್ಲಿ ಸೆರಾಮಿಕ್ ಬಿಲ್ಲೆಗಳ ಜೋಡಿ. ಒಂದರ ಮೇಲೊಂದು ಜಾರಿ ತೂತು ಮುಚ್ಚುತ್ತವೆ. ಒಳ್ಳೆಯದೇ, ಬಹಳ ಕಾಲ ಬಾಳುತ್ತವೆ. ಬಾವಿಯ ಮರಳಿನ ಕಣ ನಡುವೆ ಹೋಗಿ ಕೂತಿತೋ, ಇಡೀ ಕಾರ್ಟ್ರಿಜ್ಜನ್ನೇ ತೆಗೆದು ಬದಲಿಸಬೇಕು. ಪೈಪಿಗೆ ಕೂರುವ ಅರ್ಧ ಇಂಚಿನ ಥ್ರೆಡ್ಡು ದೇಶಕ್ಕೆಲ್ಲ ಒಂದೇ; ಒಳಗಿನ ಕಾರ್ಟ್ರಿಜ್ಜು ಮಾತ್ರ ಕಂಪನಿಗೊಂದು, ಮಾಡೆಲಿಗೊಂದು. ಹೊರಗೆ ಏಕತೆ, ಒಳಗೆ ವೈವಿಧ್ಯ.

ಅಲ್ಲಿಂದ ಬರಿಗೈಯಲ್ಲಿ ಬರುವಾಗ ನಿಮ್ಮ ಮೇಲಿದ್ದ ಅಲ್ಪಸ್ವಲ್ಪ ಸಿಟ್ಟೂ ಇಳಿಯಿತು. ನೀವು ಬಾರದೆ ಇದ್ದದ್ದು ಸರಿಯಾಗಿಯೇ ಇದೆ. ಹೆದ್ದಾರಿಯ ಎರಡೂ ಬದಿ ಎದ್ದಿರುವ ಹೊಸ ಮನೆಗಳಲ್ಲಿ ಕೋಣೆಗೊಂದು ಅಟ್ಯಾಚ್ ಬಾತ್‌ರೂಮು. ಯಜಮಾನರು ಬೆಂಗಳೂರಿನ ಹೋಟೆಲಿನಲ್ಲೋ ದುಬಾಯಿಯಲ್ಲೋ. ಮನೆಗೆ ಬರುವುದು ಊರಹಬ್ಬಕ್ಕೆ, ಮದುವೆಗೆ. ಅಲ್ಲಿ ನಿಮಗೆ ಪಾಯಿಂಟಿಗಿಷ್ಟು ಎಂದು ಲೆಕ್ಕ, ಮನೆಯೊಂದಕ್ಕೆ ಹತ್ತಾರು ಪಾಯಿಂಟು. ಅದನ್ನು ಬಿಟ್ಟು ನನ್ನ ವಾಶರಿಗೆ ಪೆಟ್ರೋಲ್ ಸುಟ್ಟುಕೊಂಡು ಬಂದಿದ್ದರೆ ನಾನು ಎಂತ ಹೇಳುತ್ತಿದ್ದೆ? “ಐದು ರೂಪಾಯಿ ವಾಶರಿಗೆ ಮುನ್ನೂರು ಮಜೂರಿಯಾ?” ಎನ್ನುತ್ತಿದ್ದೆ. ನೂರೈವತ್ತಕ್ಕೆ ಇಳಿಸಿ, ಚಾ ಕೊಟ್ಟು, ಹೋಗುವಾಗ ಫ್ಲಶ್ ಟ್ಯಾಂಕನ್ನೂ ಒಮ್ಮೆ ಕಾಣಿ ಎನ್ನುತ್ತಿದ್ದೆ. ಅದೇ ನೀವು ಸಾವಿರದಿನ್ನೂರರ ಹೊಸ ನಲ್ಲಿ ತಂದು ಕೂರಿಸಿದ್ದರೆ ಅದೇ ಮುನ್ನೂರು ಮಜೂರಿಗೆ ಚಕಾರ ಎತ್ತದೆ ಗೂಗಲ್ ಪೇ ಮಾಡುತ್ತಿದ್ದೆ. ಸಾಮಾನಿಗೆ ದುಡ್ಡು ಕೊಡಲು ನಾವು ಕಲಿತಿದ್ದೇವೆ, ಕೈಗೆ ಕೊಡಲು ಕಲಿತಿಲ್ಲ. ನೀವೂ, ಅಂಗಡಿಯವರೂ ಇದನ್ನು ನಮಗಿಂತ ಮೊದಲೇ ಅರ್ಥಮಾಡಿಕೊಂಡಿರಿ. ರಿಪೇರಿ ಎಂಬ ಕೆಲಸವನ್ನು ಮೂವರೂ ಸೇರಿ, ಜಗಳವಿಲ್ಲದೆ ಮುಗಿಸಿದೆವು.

ನಿಮ್ಮ ಈ ನೆಮ್ಮದಿಗೆ ಕಲ್ಲು ಹಾಕುವವರೂ ಇದ್ದಾರೆ, ಎಚ್ಚರಿಕೆಯಿರಲಿ. ಮುಂಬಯಿ ಪಕ್ಕದ ಮೀರಾ ರೋಡಿನಲ್ಲಿ ಆಬಿದ್ ಸುರ್ತಿ ಎಂಬ ಲೇಖಕ, ‘ಬಹಾದ್ದೂರ್’ ಕಾಮಿಕ್ಸಿನ ಸೃಷ್ಟಿಕರ್ತ, 2007ರಲ್ಲಿ ಡ್ರಾಪ್ ಡೆಡ್ ಎಂಬ ಸಂಸ್ಥೆ ಕಟ್ಟಿಕೊಂಡು ಭಾನುವಾರ ಭಾನುವಾರ ಒಬ್ಬ ಪ್ಲಂಬರನ ಜೊತೆ ಮನೆಮನೆ ಬಾಗಿಲು ತಟ್ಟತೊಡಗಿದರು. ಸೋರುವ ನಲ್ಲಿ ಇದೆಯೇ ಎಂದು ಕೇಳುವುದು, ಇದ್ದರೆ ಪುಕ್ಕಟೆ ಸರಿಮಾಡಿ ಮುಂದಿನ ಬಾಗಿಲಿಗೆ ಹೋಗುವುದು. ಮೊದಲ ವರ್ಷ 1,666 ಮನೆ ಸುತ್ತಿ 414 ನಲ್ಲಿಗಳ ಬಾಯಿ ಮುಚ್ಚಿಸಿದರು. ನನಗೆ ಅವರಿಗಿಂತ ಹೆಚ್ಚು ಆಶ್ಚರ್ಯ ಆ ಪ್ಲಂಬರನ ಬಗ್ಗೆ. ಭಾನುವಾರ, ಹೇಳಿದ ಹೊತ್ತಿಗೆ, ಬರುತ್ತಿದ್ದ! ಅಂಥವರು ತ್ರಾಸಿಗೆ ಬಂದರೆ ನಿಮ್ಮ ಸಂಘದಿಂದ ಒಂದು ಪ್ರತಿಭಟನೆ ಇಟ್ಟುಕೊಳ್ಳಿ. ಬಸಳೆ ಪರವಾಗಿ ಅಮ್ಮ ಬಂದು ಕೂರುತ್ತಾರೆ.

ನಮ್ಮ ನಲ್ಲಿಯ ವಿಷಯಕ್ಕೆ ಬಂದರೆ, ಅದು ಈಗ ನಿಂತಿದೆ. ಅಜ್ಜಯ್ಯ ತಮ್ಮ ಕೊಟ್ಟಿಗೆಯಲ್ಲಿ ನೇತುಹಾಕಿದ್ದ ಲಾರಿ ಟ್ಯೂಬಿನ ತುಂಡನ್ನು ಹಳೇ ವಾಶರಿನ ಅಳತೆಗೆ ಕತ್ತರಿಸಿ, ನಡುವೆ ತೂತು ಹೊಡೆದು ಕೂರಿಸಿಕೊಟ್ಟರು. ಮಜೂರಿ ಕೇಳಲಿಲ್ಲ, ಒಂದು ಕಟ್ಟು ಬಸಳೆ ಕೊಯ್ದುಕೊಂಡು ಹೋದರು.

ಆದರೂ ನೀವು ಬರಬೇಕು. ಆ ಆಂಗಲ್ ಕಾಕ್ ಹಾಗೇ ಸೆಟೆದು ಕೂತಿದೆ, ಅದಕ್ಕೆ ಅಜ್ಜಯ್ಯನ ಸ್ಪ್ಯಾನರ್ ಸಾಲದು. ಬರುವಾಗ ಅರ್ಧ ಇಂಚಿನದ್ದು ಒಂದು ತನ್ನಿ, ಟೆಫ್ಲಾನ್ ಟೇಪೂ ಇರಲಿ. ಬಿಲ್ಲಿನಲ್ಲಿ ಕಾಕಿನ ಬೆಲೆ ಒಂದು ಸಾಲು, ನಿಮ್ಮ ಕೈಕೆಲಸದ್ದು ಇನ್ನೊಂದು ಸಾಲು ಬರೆಯಿರಿ. ಎರಡನೇ ಸಾಲಿಗೆ ಚೌಕಾಸಿ ಮಾಡುವುದಿಲ್ಲ ಎಂದು ಇಷ್ಟು ಜನರ ಎದುರು ಬರೆದುಕೊಟ್ಟಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಜಂಕ್ಷನ್ನಿನಿಂದ ಎಡಕ್ಕೆ ಮೂರನೇ ಮನೆಯವ

ತಾ.ಕ.: ಫ್ಲಶ್ ಟ್ಯಾಂಕಿನ ವಿಷಯ ಬಂದ ಮೇಲೆ ಹೇಳುತ್ತೇನೆ.